ಸಯನ್ನಿನ ಸಯಾನಿ

ಸಂಜೆ ಏಳಕ್ಕೆ ಹತ್ತು ನಿಮಿಷ ಇರುವಾಗ ಮುಂಬಯಿಯ ಸಯನ್ನಿನ ನಮ್ಮ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಗೋದ್ರೆಜ್ ಕಪಾಟಿನ ಬಾಗಿಲು ಕಿರ್ರೆಂದು ತೆರೆದರೆ ರಾಯರ ರೇಡಿಯೋ ಶುರುವಾಗಲಿದೆ ಎಂದು ಅರ್ಥ. ಮಲಗುವ ಕೋಣೆಯಲ್ಲಿ ಕಪಾಟಿನ ಎರಡೂ ಬಾಗಿಲನ್ನು ಹಾರುಹೊಡೆದು, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್, ಅದರ ಪಕ್ಕ ಮಗ ಕಳಿಸಿದ ಮೈಕು ಇಟ್ಟುಕೊಂಡು, ಹೆಂಡತಿಯ ಕಾಂಜೀವರಂ, ಇಳಕಲ್, ಮೈಸೂರು ಸಿಲ್ಕುಗಳ ಸಾಲಿಗೆ ರಾಯರು ನಮಸ್ಕಾರ ಹೇಳುತ್ತಾರೆ. ಸೀರೆಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವಂತೆ. ಸ್ಟುಡಿಯೋ ಕಟ್ಟಿಸುವ ಖರ್ಚು ಉಳಿಯಿತು. ಆದರೆ ಫ್ಯಾನು ಹಾಕುವಂತಿಲ್ಲ, ಗರಗರ ಎನ್ನುತ್ತದೆ. ಕಿಟಕಿ ತೆರೆಯುವಂತಿಲ್ಲ, ಲೋಕಲ್ ಗಾಡಿಯ ಹಾರ್ನು ಒಳಗೆ ಬರುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ನಮ್ಮ ಉದ್ಘೋಷಕರು ತಲೆಗೆ ಒದ್ದೆ ಬೈರಾಸು ಸುತ್ತಿಕೊಂಡು, ನುಸಿಗುಳಿಗೆಯ ವಾಸನೆಯ ನಡುವೆ, ‘ಸೋದರ ಸೋದರಿಯರೇ’ ಎನ್ನುತ್ತಾರೆ.

ಆ ಸಂಬೋಧನೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಶುರುಮಾಡಿದ ಅಮೀನ್ ಸಯಾನಿ ಈ ಊರಿನವರೇ. ಅವರು ‘ಬೆಹನೋ ಔರ್ ಭಾಯಿಯೋ’ ಎಂದರೆ ಬೀದಿ ಬೀದಿಯೇ ಕಿವಿಯಾಗುತ್ತಿತ್ತು. ನಮ್ಮ ರಾಯರು ಹೇಳಿದರೆ ಕಿವಿಯಾಗುವವರು ಏಳು ಜನ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಆ ಅಂಕಿ ಹಸಿರಾಗಿ ಮಿನುಗುತ್ತಿರುತ್ತದೆ. ಆದರೂ ಕಟ್ಟಡದವರೆಲ್ಲ ಅವರನ್ನು ಸಯನ್ನಿನ ಸಯಾನಿ ಎಂದೇ ಕರೆಯುವುದು. ಅದರಲ್ಲಿರುವ ಕೀಟಲೆ ಅವರಿಗೆ ತಿಳಿಯದೆ ಏನಿಲ್ಲ. ತಿಳಿಯದವರಂತೆ ಇರುತ್ತಾರೆ, ಹೆಸರು ಚೆನ್ನಾಗಿದೆಯಲ್ಲ.

ಇಂಥವರನ್ನು ನೀವೂ ನೋಡಿರುತ್ತೀರಿ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಕನ್ನಡಿಗರು ಹತ್ತು ಮನೆ ಇದ್ದಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಲ್ಲಿದ್ದಾಗ ಕೈಬರಹದ ಪತ್ರಿಕೆ ತೆಗೆದವರು, ನಡುವಯಸ್ಸಿನಲ್ಲಿ ನಾಟಕ ಆಡಿಸಿದವರು, ನಿವೃತ್ತಿಯ ಹೊತ್ತಿಗೆ ಮೂರು ಸಂಘಗಳ ಸ್ಮರಣ ಸಂಚಿಕೆಗೆ ಜಾಹೀರಾತು ಎತ್ತಿದವರು. ಒಂದು ಕಾಲದಲ್ಲಿ ಮೈಸೂರು ಅಸೋಸಿಯೇಷನ್ನಿನ ಸಭೆಯಿರಲಿ, ಸಯನ್ನಿನ ಗೋಕುಲದ್ದಿರಲಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಮೊದಲು ಬಂದು, ಕೊನೆಗೆ ಕುರ್ಚಿ ಮಡಚಿಟ್ಟು ಹೋಗುತ್ತಿದ್ದವರು ಇವರೇ. ಮಂಡಿನೋವು ಬಂದು ಮೆಟ್ಟಿಲು ಹತ್ತುವುದು ಕಷ್ಟವಾದ ಮೇಲೆ, ಸಭೆಯೇ ತನ್ನ ಕೋಣೆಗೆ ಬರಲಿ ಎಂದು ರೇಡಿಯೋ ತೆರೆದರು.

ರಾಯರ ಗುರು ಎಂ.ವಿ. ಗೋಪಾಲಸ್ವಾಮಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಆ ಪ್ರೊಫೆಸರರು 1935ರ ಸೆಪ್ಟೆಂಬರ್ 10ರಂದು ತಮ್ಮ ‘ವಿಠ್ಠಲ ವಿಹಾರ’ದಲ್ಲೇ, ಸ್ವಂತ ದುಡ್ಡಿನಲ್ಲಿ, 30 ವಾಟ್‌ನ ಪ್ರೇಷಕ ಇಟ್ಟುಕೊಂಡು ರೇಡಿಯೋ ಹೊರಡಿಸಿದರು. ಹಳೆಯ ಕಾಲದ ಮನೆಯ ಬಲ್ಬಿಗಿಂತ ಚೂರು ಕೆಳಗೆ, ಅಷ್ಟೇ. ಇದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟವರು ನಾ. ಕಸ್ತೂರಿ ಎನ್ನುತ್ತಾರೆ. ‘ಅನರ್ಥಕೋಶ’ ಬರೆದ ಅದೇ ಕಸ್ತೂರಿ. ದೇಶಕ್ಕೆ ದೇಶವೇ ಇಂದು ಗಂಭೀರವಾಗಿ ಉಚ್ಚರಿಸುವ ಹೆಸರು ಒಬ್ಬ ಹಾಸ್ಯಗಾರನ ಬಾಯಿಂದ ಬಂದದ್ದೆಂಬುದು ನನಗಂತೂ ಬಹಳ ಸಮಾಧಾನದ ವಿಷಯ. ‘ಮನೆಯಲ್ಲಿ ಕೂತು ಅವರು ಮಾಡಿದ್ದು ನನಗೆ ಯಾಕೆ ಆಗುವುದಿಲ್ಲ?’ ಎಂದು ರಾಯರು ಕೇಳುತ್ತಾರೆ. ಅದೇ ಕತೆಯ ಉತ್ತರಾರ್ಧ, ಅಂದರೆ ಖರ್ಚು ತಡೆಯಲಾರದೆ ಕೊನೆಗೆ ನಿಲಯವನ್ನು ಸಂಸ್ಥಾನಕ್ಕೆ ಒಪ್ಪಿಸಿದ್ದು, ಅವರ ಬಾಯಲ್ಲಿ ಬರುವುದಿಲ್ಲ. ಅದನ್ನು ಅಡುಗೆಮನೆಯಿಂದ ಅವರ ಹೆಂಡತಿ ಪೂರ್ತಿಮಾಡುತ್ತಾರೆ: ‘ನಮ್ಮದನ್ನು ಒಪ್ಪಿಸಿಕೊಳ್ಳುವುದಕ್ಕೆ ಯಾವ ಮಹಾರಾಜ ಬರ್ತಾನೆ?’

ಮೊದಲು ರಾಯರು ನೆಟ್ಟಗಿನ ದಾರಿಯನ್ನೇ ಹಿಡಿದಿದ್ದರು. ಸಮುದಾಯ ರೇಡಿಯೋ ಎಂಬುದೊಂದು ಉಂಟಲ್ಲ, 2002ರ ಕೊನೆಗೆ ಕಾಲೇಜುಗಳಿಗೆ, 2006ರಲ್ಲಿ ಸಂಘಸಂಸ್ಥೆಗಳಿಗೂ ಸರಕಾರ ಬಿಟ್ಟುಕೊಟ್ಟದ್ದು. ನೂರು ವಾಟ್ ಶಕ್ತಿ, ಮೂವತ್ತು ಮೀಟರ್ ಮೀರದ ಕಂಬ, ಹತ್ತು ಹದಿನೈದು ಕಿಲೋಮೀಟರ್ ದೂರ. ಮುಂಬಯಿ ವಿಶ್ವವಿದ್ಯಾಲಯದ ‘ಮಸ್ಟ್’ ಹೀಗೇ ಬಂದದ್ದು, ಮಂಗಳೂರಿನ ಅಲೋಶಿಯಸ್ ಕಾಲೇಜಿನ ‘ಸಾರಂಗ್’ ಕೂಡ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಇನ್ನೂ ಜಾಣರು. ಗಾಳಿಯಲ್ಲಿ ಬಿಡಲು ಅಪ್ಪಣೆ ಇಲ್ಲವೆಂದಾಗ ‘ನಮ್ಮ ಧ್ವನಿ’ಯನ್ನು ಟೀವಿಯ ಕೇಬಲ್ಲಿನಲ್ಲೇ ಮನೆಮನೆಗೆ ಹರಿಸಿದರು. ರಾಯರು ಅರ್ಜಿಯ ಕಾಗದ ತರಿಸಿ ಕನ್ನಡಕ ಏರಿಸಿ ಓದಿದರು. ಒಬ್ಬೊಬ್ಬರಿಗೆ ಪರವಾನಗಿ ಇಲ್ಲ, ಸಂಸ್ಥೆಗೆ ಮಾತ್ರ. ಅದಕ್ಕೇನು, ಸಂಸ್ಥೆ ಕಟ್ಟುವುದು ರಾಯರಿಗೆ ದೋಸೆ ಹುಯ್ದಷ್ಟು ಸಲೀಸು. ಮುಂದಿನ ಸಾಲು ಓದಿದರು: ಸಂಸ್ಥೆ ನೋಂದಣಿಯಾಗಿ ಮೂರು ವರ್ಷ ಆಗಿರಬೇಕು.

ಅಲ್ಲಿಗೆ ಕಾಗದ ಮಡಚಿಟ್ಟರು. ರಾಯರು ಕಟ್ಟಿದ ಯಾವ ಸಂಘವೂ ಒಡೆಯದೆ ಮೂರು ವರ್ಷ ಬಾಳಿದ್ದಿಲ್ಲ. ಹದಿನೆಂಟು ತಿಂಗಳಿಗೆ ಒಂದು, ಎರಡಾಗುತ್ತದೆ. ಎರಡಕ್ಕೂ ರಾಯರು ಗೌರವಾಧ್ಯಕ್ಷರಾಗುತ್ತಾರೆ.

ಇನ್ನು ಕಂಬದ ಮಾತು. ಟೆರೇಸಿನಲ್ಲಿ ಒಂದು ಕಂಬ ನೆಡಬಹುದೇ ಎಂದು ಸೊಸೈಟಿಯ ಸೆಕ್ರೆಟರಿಯನ್ನು ಕೇಳಿದರು. ಹಪ್ಪಳ ಒಣಗಿಸಲೂ ಬರೆದು ಕೊಡಬೇಕೆನ್ನುವ ಮನುಷ್ಯ ಅವರು. ‘ರೀಡೆವಲಪ್‌ಮೆಂಟ್ ಆಗಲಿ, ಆಮೇಲೆ ನೋಡುವ’ ಎಂದರು. ಮುಂಬಯಿಯಲ್ಲಿ ಇದು ಇಲ್ಲ ಎನ್ನುವುದಕ್ಕಿರುವ ಮರ್ಯಾದೆಯ ಪದ. ಹೀಗೆ ವಾಟೂ ಇಲ್ಲದೆ, ಕಂಬವೂ ಇಲ್ಲದೆ ರಾಯರು ಇಂಟರ್ನೆಟ್ಟಿಗೆ ಬಂದರು. ಮರಾಠಿಯಲ್ಲಿ ಸಯನ್ನಿಗೆ ಶೀವ್ ಎಂದು ಹೆಸರು, ಅಂದರೆ ಎಲ್ಲೆ. ಹಳೆಯ ಮುಂಬಯಿ ದ್ವೀಪ ಇಲ್ಲಿಗೆ ಮುಗಿದು ಆಚೆ ಸಾಷ್ಟಿ ಶುರುವಾಗುತ್ತಿತ್ತು. ‘ಶೀವ್‌ನಲ್ಲಿ ಕೂತು ಎಲ್ಲೆಯೇ ಇಲ್ಲದ ರೇಡಿಯೋ ಮಾಡ್ತಿದ್ದೇನೆ ಮಾರಾಯ್ರೆ’ ಎಂದು ಮೊದಲ ದಿನ ಎಲ್ಲರಿಗೂ ಪೇಡೆ ಹಂಚಿದರು.

ಹಾಡು ಹಾಕೋಣವೆಂದರೆ ಸಿನಿಮಾ ಹಾಡಿಗೆ ಹಕ್ಕುದಾರರು. ಬರೆದವರ ಕಡೆಗೆ ಒಂದು ಸಂಸ್ಥೆ, ಧ್ವನಿಮುದ್ರಿಸಿದವರ ಕಡೆಗೆ ಇನ್ನೊಂದು. ಎರಡಕ್ಕೂ ಕಟ್ಟಿದರೆ ರಾಯರ ಪಿಂಚಣಿಯಲ್ಲಿ ಹಾಲಿನವನಿಗೆ ಉಳಿಯುವುದಿಲ್ಲ. ದಾಸರ ಪದಕ್ಕೆ ರಾಯಲ್ಟಿ ಇಲ್ಲ ಎಂಬುದನ್ನು ಅವರು ನೆನಪಿಸಿಕೊಂಡರು. ಆದರೆ ಅದನ್ನು ಹಾಡಿದ ಸಿ.ಡಿ.ಗೆ ಇದೆಯಲ್ಲ! ಕೊನೆಗೆ ಭಜನಾ ಮಂಡಳಿಯ ಹೆಂಗಸರನ್ನೇ ಕರೆಸಿದರು. ಹತ್ತು ಜನ ಬಂದು ಮಂಚದ ಮೇಲೆ ಕೂತರು. ಸಾಮೂಹಿಕವಾಗಿ ಒಂದು ಹಾಡು ಎಂದಿದ್ದು ಹತ್ತು ಜನರದ್ದೂ ಒಂದೊಂದು ಆಗಿ, ಕೊನೆಯವರು ಮಂಗಳ ಹಾಡುವಾಗ ರಾತ್ರಿ ಹತ್ತೂವರೆ.

ಜಾಹೀರಾತಿನದ್ದು ಬೇರೆಯೇ ಪುರಾಣ. ಪರಿಚಯದ ಹೋಟೆಲಿನ ಧಣಿಯೊಬ್ಬರು ತಿಂಗಳಿಗೆ ಐನೂರು ಕೊಡಲು ಒಪ್ಪಿ, ಗಲ್ಲಾದ ಮೇಲೆ ನೋಟು ಇಟ್ಟು, ಅದರ ಮೇಲೆ ಬೆರಳು ಒತ್ತಿ ಹಿಡಿದು ಕೇಳಿದರು: ‘ಫೋಟೋ ಎಲ್ಲಿ ಬರ್ತದೆ?’ ರೇಡಿಯೋದಲ್ಲಿ ಫೋಟೋ ಬರುವುದಿಲ್ಲವೆಂದು ರಾಯರು ವಿವರಿಸಿದರು. ಬೆರಳು ಮೇಲೇಳಲಿಲ್ಲ. ಕೊನೆಗೆ, ‘ನೀವು ಬಿಳಿ ಸಫಾರಿಯಲ್ಲಿ ನಗುತ್ತಾ ಕೂತಿದ್ದೀರಿ ಎಂದು ವರ್ಣಿಸಿ ಹೇಳ್ತೇನೆ’ ಎಂದ ಮೇಲೆ ಸಡಿಲವಾಯಿತು. ಈಗಲೂ ದಿನಾ ಏಳೂಕಾಲಿಗೆ ಆ ಧಣಿ ರಾಯರ ಬಾಯಲ್ಲಿ ಸಫಾರಿ ತೊಟ್ಟು ನಗುತ್ತಾರೆ.

ಇವೆಲ್ಲ ಸಣ್ಣ ಕಷ್ಟಗಳು. ದೊಡ್ಡದು ಬೇರೆ ಇದೆ, ಅದನ್ನು ರಾಯರು ನನ್ನಲ್ಲಿ ಒಮ್ಮೆ ಮಾತ್ರ ಹೇಳಿಕೊಂಡದ್ದು. ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ಅದರಲ್ಲಿ ಮೈಕಿನ ಮುಂದೆ ಬರಲು ಹೆಸರು ಬರೆಸಿದವರ ಪಟ್ಟಿ: ಕವಿಗಳು ಇಪ್ಪತ್ತೊಂಬತ್ತು, ಚಿಂತಕರು ಹನ್ನೊಂದು, ‘ಯಾವ ವಿಷಯವಾದರೂ ಆದೀತು’ ಎಂಬ ತಲೆಬರಹದಡಿ ಒಂಬತ್ತು. ಒಟ್ಟು ನಲವತ್ತೊಂಬತ್ತು ಜನ ಮಾತಾಡಲು ಸಿದ್ಧ, ಕೇಳಲು ಏಳು. ಆ ಏಳರಲ್ಲಿ ಒಬ್ಬ ನ್ಯೂಜೆರ್ಸಿಯ ಮಗ. ಅಪ್ಪನಿಗೆ ಬೇಸರವಾಗಬಾರದೆಂದು ಫೋನಿನಲ್ಲಿ ರೇಡಿಯೋ ಹಚ್ಚಿಟ್ಟು ಆಫೀಸಿನ ಕೆಲಸಕ್ಕೆ ಕೂರುತ್ತಾನೆ. ಇನ್ನೊಬ್ಬರು ಕುಂದಾಪುರದ ನಾದಿನಿ. ಉಳಿದ ಐವರೂ ಪಟ್ಟಿಯಲ್ಲಿರುವವರೇ, ತಮ್ಮ ಸರದಿ ಬಂತೇ ಎಂದು ನೋಡಲು ಕಿವಿಗೊಟ್ಟವರು.

ಇದೇನೂ ಹೊಸ ರೋಗವಲ್ಲ. 1927ರ ಜುಲೈ 23ರಂದು ಇದೇ ಮುಂಬಯಿಯಲ್ಲಿ ವೈಸ್‌ರಾಯ್ ಇರ್ವಿನ್ ಕೈಯಿಂದ ಶುರುವಾದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಗೂ ಸಾಕಷ್ಟು ಜನ ಲೈಸೆನ್ಸು ತೆಗೆದುಕೊಂಡು ಕೇಳುವವರು ಸಿಗಲಿಲ್ಲ. 1930ರ ಮಾರ್ಚಿನಲ್ಲಿ ದಿವಾಳಿ. ಅವರಲ್ಲಿ 1.5 ಕಿಲೋವಾಟ್ ಇತ್ತು, ವೈಸ್‌ರಾಯ್ ಇದ್ದ. ರಾಯರಲ್ಲಿ ನಲವತ್ತೊಂಬತ್ತು ಭಾಷಣಕಾರರಿದ್ದಾರೆ.

ಅವರ ಹಾವಳಿ ಹೇಗಿರುತ್ತದೆಂದು ಒಂದು ಬುಧವಾರ ಕಣ್ಣಾರೆ ಕಂಡೆ. ಅತಿಥಿಗಳು ಹಿರಿಯರು, ಅರ್ಧ ಗಂಟೆಯ ಕಾರ್ಯಕ್ರಮ. ಸ್ವಾಗತ, ಅತಿಥಿ ಪರಿಚಯಕ್ಕೆ ಹದಿಮೂರು ನಿಮಿಷ ಹೋಯಿತು. ಅತಿಥಿಗಳು ಮೈಕು ಕೈಯಲ್ಲಿ ಮುಚ್ಚಿಕೊಂಡು ಮೆಲ್ಲಗೆ, ‘ಶಾಲು?’ ಎಂದರು.

‘ರೇಡಿಯೋ ಅಲ್ವಾ ಸರ್, ಶಾಲು ಹೊದಿಸಿದ್ದು ಯಾರಿಗೂ ಕಾಣುವುದಿಲ್ಲ’ ಎಂದರು ರಾಯರು.

‘ಚಪ್ಪಾಳೆ ಕೇಳಿಸ್ತದಲ್ಲ.’

ಶಾಲು ಮನೆಯಲ್ಲಿರಲಿಲ್ಲ. ಇದ್ದದ್ದು ಎದುರಿನ ಕಪಾಟು. ರಾಯರು ಕೈಗೆ ಸಿಕ್ಕಿದ ಒಂದು ಮೈಸೂರು ಸಿಲ್ಕನ್ನು ಎಳೆದು, ನಾಲ್ಕು ಮಡಿಕೆ ಮಾಡಿ ಹೊದಿಸಿದರು. ಚಪ್ಪಾಳೆ ತಟ್ಟಲು ಅವರೊಬ್ಬರು, ನಾನೊಬ್ಬ. ಸಾಲದೆಂದು ಸನ್ನೆ ಮಾಡಿದಾಗ ರಾಯರ ಹೆಂಡತಿ ಒಂದು ಕೈಯಲ್ಲಿ ಸೌಟು ಹಿಡಿದು ಬಂದು, ಇನ್ನೊಂದು ಕೈಯಿಂದ ತೊಡೆಯ ಮೇಲೆ ತಟ್ಟಿದರು. ತಟ್ಟುತ್ತಾ ಅತಿಥಿಯ ಹೆಗಲು ನೋಡಿದರು. ಸೌಟು ನಿಧಾನವಾಗಿ ಮೇಲೇರಿತು. ಆ ಹೊತ್ತಿಗೆ ರಾಯರು ‘ಈಗ ಒಂದು ಪುಟ್ಟ ವಿರಾಮ’ ಎಂದು ಹೇಳಿದ್ದು ಅವರ ಇಡೀ ಪ್ರಸಾರ ಜೀವನದ ಅತ್ಯಂತ ಸಮಯೋಚಿತ ಮಾತು.

ಒಮ್ಮೆ ಮಾತ್ರ ಆ ಹಸಿರು ಅಂಕಿ ಎಂಬತ್ತನಾಲ್ಕಕ್ಕೆ ಏರಿತ್ತು. ಜುಲೈ ತಿಂಗಳ ಜಡಿಮಳೆ, ಗಾಂಧಿ ಮಾರ್ಕೆಟಿನಲ್ಲಿ ಎಂದಿನಂತೆ ನೀರು ನಿಂತಿತ್ತು, ಲೋಕಲ್ ಗಾಡಿಗಳು ನಿಂತಿದ್ದವು. ಸಮುದಾಯ ರೇಡಿಯೋದವರು ತಮ್ಮದೇ ವಾರ್ತೆ ಓದುವಂತಿಲ್ಲ, ಆಕಾಶವಾಣಿಯದ್ದನ್ನೇ ಹಾಕಬೇಕು ಎಂಬ ನಿಯಮವೊಂದುಂಟು. ರಾಯರಿಗೆ ಅದು ಅನ್ವಯಿಸುವುದಿಲ್ಲ. ಆದರೂ, ‘ರೇಡಿಯೋ ಎಂದ ಮೇಲೆ ಶಿಸ್ತು ಬೇಡವಾ?’ ಎಂದು ತಾವಾಗಿಯೇ ಪಾಲಿಸುತ್ತಾರೆ. ಆದ್ದರಿಂದ ವಾರ್ತೆ ಎನ್ನದೆ, ‘ಸೂಚನೆಗಳು’ ಎಂದರು. ಮಾರ್ಕೆಟಿನ ಬಳಿಯಿಂದ ಯಾರೋ ಫೋನು ಮಾಡಿದರು, ನೀರು ಮೊಣಕಾಲಿಗೆ. ಇನ್ಯಾರೋ ಮಾಡಿದರು, ಸೊಂಟಕ್ಕೆ. ಎತ್ತರದವರೋ ಗಿಡ್ಡರೋ ಎಂದು ರಾಯರು ವಿಚಾರಿಸಿಕೊಂಡೇ ಪ್ರಕಟಿಸಿದರು. ರಾತ್ರಿ ಹನ್ನೊಂದರವರೆಗೆ ಕವಿತೆಯಿಲ್ಲ, ಪರಿಚಯವಿಲ್ಲ, ವಂದನಾರ್ಪಣೆಯಿಲ್ಲ. ಯಾರು ಎಲ್ಲಿ ಸಿಕ್ಕಿಬಿದ್ದಿದ್ದಾರೆ, ಯಾರ ಮನೆಯಲ್ಲಿ ಉಳಿಯಬಹುದು, ಅಷ್ಟೇ. ಬೆವರು ಒರೆಸುವುದನ್ನೂ ಮರೆತು ಕೂತಿದ್ದ ಮನುಷ್ಯನನ್ನು ಬಾಗಿಲಲ್ಲಿ ನಿಂತು ನೋಡಿದೆ. ಅಂದು ನಾನು ನಗಲಿಲ್ಲ.

ಮರುದಿನ ಈ ಯಶಸ್ಸಿನ ಬಗ್ಗೆ ಒಂದು ಅಭಿನಂದನಾ ಕಾರ್ಯಕ್ರಮ ಇಟ್ಟುಕೊಂಡರು. ನಾಲ್ಕು ಜನ ಮಾತಾಡಿದರು. ಅಂಕಿ ಏಳಕ್ಕೆ ಇಳಿಯಿತು.

ಮೊನ್ನೆ ಹಾಲಿನ ಬೂತಿನ ಹತ್ತಿರ ರಾಯರು ಎದುರಾದರು. ಸಯನ್ ಸ್ಟೇಷನ್ನಿನ ಆ 1912ರ ಸೇತುವೆಯನ್ನು 2024ರ ಆಗಸ್ಟಿನಲ್ಲಿ ಮುಚ್ಚಿದಾಗಿನಿಂದ ನಮ್ಮ ಕಡೆ ಎಲ್ಲರ ಮಾತೂ ಅದರಿಂದಲೇ ಶುರುವಾಗುವುದು. ಅದು ಮುಗಿದ ಮೇಲೆ ಕೇಳಿದರು: ‘ನಿನ್ನೆಯ ಕಾರ್ಯಕ್ರಮ ಹೇಗಿತ್ತು?’

‘ಬಹಳ ಚೆನ್ನಾಗಿತ್ತು ರಾಯರೇ. ಕೊನೆಯ ಹಾಡಂತೂ...’

‘ನಿನ್ನೆ ಪ್ರಸಾರವೇ ಇರಲಿಲ್ಲ. ಮದುವೆಗೆಂದು ಇವಳು ಸೀರೆಯೆಲ್ಲ ಹೊರಗೆ ಹಾಕಿದ್ದಳು.’

ನಾನು ಹಾಲಿನ ಚೀಲದೊಳಗೆ ಏನನ್ನೋ ಹುಡುಕತೊಡಗಿದೆ. ರಾಯರ ಮುಖದಲ್ಲಿ ಬೇಸರದ ಗೆರೆಯೂ ಇಲ್ಲ. ಜೋಳಿಗೆಯಿಂದ ಆ ನೋಟ್‌ಬುಕ್ ತೆಗೆದು, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದರು: ‘ಮುಂದಿನ ಬುಧವಾರ ಖಾಲಿ ಉಂಟು. ನಿಮಗೆ ಎಷ್ಟು ನಿಮಿಷ ಬರೆದುಕೊಳ್ಳಲಿ?’

‘ಇಪ್ಪತ್ತು’ ಎಂದೆ.