ಮಾನಿಟರ್ ಮತ್ತಿತರ ಮಹಾಪುರುಷರು

ಸಂಜಯನಗರದ ಹೈಸ್ಕೂಲು ಮಕ್ಕಳಿಗೆ ಸಣ್ಣ ಕನಸು ಕಾಣಲು ಅವಕಾಶವೇ ಇಲ್ಲ. ನ್ಯೂ ಬಿಇಎಲ್ ರಸ್ತೆಗೆ ಹೋದರೆ ಇಸ್ರೋದ ಅಂತರಿಕ್ಷ ಭವನ, ಇನ್ನೊಂದು ಕಡೆ ಟಾಟಾ ಇನ್‌ಸ್ಟಿಟ್ಯೂಟ್. 'ಎಮ್ಮೆ ಕಾಯೋಕೆ ಹೋಗು' ಎಂದು ಅಪ್ಪ ಬೈದರೆ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜೇ ಇದೆ. ಅದಕ್ಕೂ ಸೀಟು ಸಿಗಬೇಕಲ್ಲ!

1996ರಲ್ಲಿ ದ್ರಾವಿಡ್ ಲಾರ್ಡ್ಸ್‌ನಲ್ಲಿ 95 ಹೊಡೆದಾಗ ನಮ್ಮ ತರಗತಿಯ ಅರ್ಧ ಹುಡುಗರು ಬ್ಯಾಟ್ಸ್‌ಮನ್‌ಗಳಾದರು. 1999ರಲ್ಲಿ ಕುಂಬ್ಳೆ ದೆಹಲಿಯಲ್ಲಿ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತದ್ದೇ ತಡ, ಅವರೇ ಲೆಗ್ ಸ್ಪಿನ್ನರ್‌ಗಳು. ಚೆಂಡು ತಿರುಗಲಿಲ್ಲ, ಪಕ್ಕದ ಮನೆಯ ಗಾಜು ಒಡೆಯಿತು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪ್ರತಿ ಪರೀಕ್ಷೆಗೂ 'ಏನೂ ಓದಿಲ್ಲ ಕಣೇ' ಎಂದು ಅತ್ತೂ ಅತ್ತೂ ಮೊದಲ ಸ್ಥಾನ ಪಡೆಯುತ್ತಿದ್ದಳು. ಅವಳನ್ನು ಸಮಾಧಾನ ಮಾಡಿದವರೆಲ್ಲ ಫೇಲು.

ಗುರಿ ಬದಲಿಸದವನು ಮಾನಿಟರ್ ಒಬ್ಬನೇ. ಮಾತಾಡಿದವರ ಹೆಸರು ಬೋರ್ಡಿಗೆ ಬರೆಯುವುದು ಅವನ ಅಧಿಕಾರ. ಬೋಂಡ ಕೊಡಿಸಿದರೆ ಹೆಸರು ತಾನಾಗಿ ಅಳಿಸಿಹೋಗುತ್ತಿತ್ತು. ವಿಜ್ಞಾನಿಯಾಗುವೆನೆಂದವರು ಬ್ಯಾಂಕು ಸೇರಿದರು, ಸ್ಪಿನ್ನರ್‌ಗಳು ಸಾಫ್ಟ್‌ವೇರಿಗೆ ಹೋದರು. ಇವನು ಮಾತ್ರ ಇಂದಿಗೂ ಹೆಸರು ಸೇರಿಸುವ, ತೆಗೆಸುವ ವ್ಯವಹಾರದಲ್ಲೇ ಇದ್ದಾನೆ.

ನಿಮ್ಮ ಮಕ್ಕಳ ತರಗತಿಯ ಮಾನಿಟರ್ ಯಾರೆಂದು ಈಗಲೇ ವಿಚಾರಿಸಿಟ್ಟುಕೊಳ್ಳಿ. ಮುಂದೆ ಸೈಟಿನ ಖಾತೆ ಮಾಡಿಸಲು ಬೇಕಾದಾನು.