ಬ್ಲಾಗಲಂಕಾರ ಶಾಸ್ತ್ರ ಪ್ರವೇಶಿಕೆ

ಪ್ರತಿ ಬ್ಲಾಗಿಗೂ ಎಲ್ಲರಿಗಿಂತ ಮೊದಲು ಬರುವವನೂ, ಬರೆದದ್ದನ್ನು ಒಂದಕ್ಷರ ಬಿಡದೆ ಓದುವವನೂ, ಒಂದು ಮಾತೂ ಆಡದೆ ಹೊರಟುಹೋಗುವವನೂ ಆದ ನಿರಾಕಾರ ಗೂಗಲ್‌ಬಾಟಿಗೆ ನಮಸ್ಕರಿಸಿ, ಮಂದಮತಿಗಳ ಬೋಧೆಗಾಗಿ ಈ ಶಾಸ್ತ್ರವನ್ನು ಆರಂಭಿಸುತ್ತೇವೆ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಲೇಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ, ಬ್ಲಾಗನ್ನು ಸಿಂಗರಿಸಿ ಓದುಗರನ್ನು ಸೆಳೆಯುವುದು. ಪ್ರಯೋಜನವೇನೆಂದು ಮನೆಯವರು ಆಗಾಗ ಕೇಳುತ್ತಾರೆ, ಉತ್ತರ ಪರಿಶೀಲನೆಯಲ್ಲಿದೆ. ಸಂಬಂಧವು ಬರೆಯುವವರಿಗೂ ಓದುವವರಿಗೂ ಇರಬೇಕಾದದ್ದು. ಅದರ ಅಭಾವವೇ ಈ ಗ್ರಂಥಕ್ಕೆ ಕಾರಣ. ಉಳಿದದ್ದು ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1997ರಲ್ಲಿ ಅಮೆರಿಕದ ಯಾರ್ನ್ ಬಾರ್ಗರ್ ತನ್ನ ಜಾಲಪುಟವನ್ನು ವೆಬ್‌ಲಾಗ್ ಎಂದು ಕರೆದ. 1999ರಲ್ಲಿ ಬ್ಲಾಗರ್ ಬಂತು, 2003ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಕನ್ನಡದ ಬ್ಲಾಗ್ ಯುಗ ಕಣ್ಣುಬಿಟ್ಟದ್ದು ಇದರ ಬೆನ್ನಿಗೆ. ಬರೆಯಲು 1998ರಿಂದಲೇ ಬರಹ ತಂತ್ರಾಂಶವಿತ್ತು, ತೊಡಕೆಲ್ಲ ಓದುವುದರಲ್ಲಿತ್ತು. ವೇದಾಂತದ ಅಧಿಕಾರಿಗೆ ವಿವೇಕ ವೈರಾಗ್ಯಾದಿಗಳಿದ್ದರೆ ಸಾಕು. ಕನ್ನಡ ಬ್ಲಾಗಿನ ಅಧಿಕಾರಿಗೆ ವಿಂಡೋಸ್ ಎಕ್ಸ್‌ಪಿಯ ಸಿ.ಡಿ. ಇರಬೇಕಿತ್ತು. ಕಂಟ್ರೋಲ್ ಪ್ಯಾನೆಲ್ ಹೊಕ್ಕು, ಸಂಕೀರ್ಣ ಲಿಪಿಗಳ ಕಡತ ಬೇಕೆಂದು ಟಿಕ್ ಮಾಡಿದೊಡನೆ ಯಂತ್ರ ಆ ಸಿ.ಡಿ.ಯನ್ನು ಕೇಳುತ್ತಿತ್ತು. ಸಿ.ಡಿ. ಆಫೀಸಿನ ಸಿಸ್ಟಂ ಅಡ್ಮಿನ್ನನ ಬೀರುವಿನಲ್ಲಿ, ಬೀರುವಿನ ಕೀಲಿ ಅವನ ಜೇಬಿನಲ್ಲಿ, ಅವನು ರಜೆಯಲ್ಲಿ. ಸಿ.ಡಿ. ಸಿಗದವರಿಗೆ ಪುಟದ ತುಂಬ ಖಾಲಿ ಚೌಕಗಳು ಕಾಣುತ್ತಿದ್ದವು. ಹೀಗಾಗಿ ಕನ್ನಡ ಬ್ಲಾಗುಗಳ ಮೊದಲ ಸಹೃದಯ ವೃಂದವನ್ನು ಆರಿಸಿದ್ದು ರಸಿಕತೆಯಲ್ಲ, ಸಿ.ಡಿ. ಬರೆಯುವವರಲ್ಲೂ ಓದುವವರಲ್ಲೂ ಸಾಫ್ಟ್‌ವೇರ್ ಮಂದಿಯೇ ಎದ್ದು ಕಂಡದ್ದಕ್ಕೆ ಕನ್ನಡಾಭಿಮಾನದ ಜೊತೆಗೆ ಇದೂ ಒಂದು ಕಾರಣವೆಂದು ನಮ್ಮ ಮತ.

ಇನ್ನು ನಾಮಕರಣ. ಮನ, ಮೌನ, ಭಾವ, ನೆನಪು ಎಂಬ ನಾಲ್ಕು ಪ್ರಕೃತಿಗಳಿಗೆ ಲಹರಿ, ಯಾನ, ಸಿಂಚನ, ತರಂಗ ಎಂಬ ನಾಲ್ಕು ಪ್ರತ್ಯಯಗಳನ್ನು ಹಚ್ಚಿದರೆ ಒಟ್ಟು 16 ಹೆಸರುಗಳು ಸಿದ್ಧಿಸುತ್ತವೆ. ಬ್ಲಾಗುಗಳ ಸಂಖ್ಯೆ ಇದನ್ನು ಮೀರಿದಾಗ ಹಳೆಯ ಹೆಸರಿನ ಮುಂದೆಯೇ ಮೂರು ಚುಕ್ಕಿ ಇಡುವ ಪದ್ಧತಿ ಬಂತು. ಬರಹದ ತಲೆಬರಹದ ಪಾಡು ಬೇರೆ. ತಲೆಬರಹದಿಂದ ವಿಳಾಸ ಕಟ್ಟುವಾಗ ಬ್ಲಾಗರ್ ಕನ್ನಡದ ಅಕ್ಷರಗಳನ್ನು ಕೈಬಿಡುತ್ತಿತ್ತು. ತಾಯಿಯ ಮೇಲಿನ ಕವಿತೆಯಾಗಲಿ, ಒಂದೆಲಗದ ತಂಬುಳಿಯಾಗಲಿ, ತೇಜಸ್ವಿಯವರ ಕುರಿತ ಲೇಖನವಾಗಲಿ, ಎಲ್ಲಕ್ಕೂ ‘ಬ್ಲಾಗ್-ಪೋಸ್ಟ್’ ಎಂಬುದೊಂದೇ ವಿಳಾಸ, ಹಿಂದೊಂದು ಅಂಕಿ. ನಾಮರೂಪಗಳು ಮಿಥ್ಯೆಯೆಂಬ ತತ್ತ್ವವನ್ನು ಕನ್ನಡಿಗರಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಬೇರಾರೂ ಬೋಧಿಸಿಲ್ಲ. ಜಾಣರು ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ತಲೆಬರಹ ಕೊಟ್ಟು ಪ್ರಕಟಿಸಿ, ವಿಳಾಸ ಗಟ್ಟಿಯಾದ ಮೇಲೆ ಅದನ್ನು ಕನ್ನಡಕ್ಕೆ ತಿದ್ದುತ್ತಿದ್ದರು. ಈ ಶಾಸ್ತ್ರದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಕೆಲವೇ ಮಾತುಗಳಲ್ಲಿ ಇದೊಂದು, ಗುರುತು ಹಾಕಿಕೊಳ್ಳಿ.

ವರ್ಣ ಪ್ರಕರಣಕ್ಕೆ ಬಂದರೆ ನಮಗೆ ಭರತಮುನಿಯೇ ಪ್ರಮಾಣ. ನಾಟ್ಯಶಾಸ್ತ್ರದ ಪ್ರಕಾರ ಶೃಂಗಾರದ ಬಣ್ಣ ಶ್ಯಾಮ, ಹಾಸ್ಯದ್ದು ಬಿಳಿ, ಕರುಣದ್ದು ಪಾರಿವಾಳದ ಬೂದು, ರೌದ್ರದ್ದು ಕೆಂಪು, ಭಯಾನಕದ್ದು ಕಪ್ಪು, ಅದ್ಭುತದ್ದು ಹಳದಿ. ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರದಲ್ಲಿ ಬರೆದ ಬ್ಲಾಗು ಅದ್ಭುತವೂ ಭಯಾನಕವೂ ಏಕಕಾಲಕ್ಕೆ ಏಕೆ ಆಗಿರುತ್ತಿತ್ತೆಂಬುದು ಇದರಿಂದ ತಿಳಿಯುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಬರೆದ ವಿರಹಗೀತೆ ನಗೆ ತರಿಸುವುದಂತೂ ಶಾಸ್ತ್ರಸಿದ್ಧ. ಅದಕ್ಕೆ ಕವಿಯನ್ನು ದೂರಬಾರದು.

ಆಭರಣಗಳನ್ನು ಬೇಗ ಮುಗಿಸುತ್ತೇವೆ. ಗಡಿಯಾರ, ಮೇಲಿಂದ ಉದುರುವ ಹಿಮ (ಬಳ್ಳಾರಿಯ ಬ್ಲಾಗಿನಲ್ಲೂ), ಅಡ್ಡಡ್ಡ ಓಡುವ ಸುಸ್ವಾಗತ, ಯಾವ ದೇಶದಿಂದ ಓದುಗರು ಬಂದರೆಂದು ಕೆಂಪು ಚುಕ್ಕಿ ಇಡುವ ಭೂಪಟ, ತೆರೆದೊಡನೆ ತಾನಾಗಿ ಹಾಡತೊಡಗುವ ಭಾವಗೀತೆ. ಈ ಕೊನೆಯದು ಓದುಗನನ್ನು ಓಡಿಸುವುದಕ್ಕೆ ಸಿದ್ಧೌಷಧ. ಆಫೀಸಿನಲ್ಲಿ ಗುಟ್ಟಾಗಿ ಬ್ಲಾಗು ತೆರೆದವನ ಸ್ಪೀಕರಿನಿಂದ ಹಾಡು ಹೊರಟರೆ ಅವನು ಮೊದಲು ಮುಚ್ಚುವುದು ಬ್ಲಾಗನ್ನು. ಭೂಪಟದ ವಿಷಯದಲ್ಲೂ ಎಚ್ಚರ ಬೇಕು. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನಲ್ಲಿ ತನಗೊಬ್ಬ ನಿಷ್ಠಾವಂತ ಅಭಿಮಾನಿ ಇದ್ದಾನೆ, ಪ್ರತಿ ಬರಹಕ್ಕೂ ತಪ್ಪದೆ ಬರುತ್ತಾನೆ, ಯಾರೋ ಅಮೆರಿಕನ್ನಡಿಗನಿರಬೇಕು ಎಂದು ಹಿಗ್ಗಿದ ಬ್ಲಾಗಿಗರು ಹಲವರು. ಆ ಊರಿನಲ್ಲಿರುವುದು ಗೂಗಲ್ಲಿನ ಕೇಂದ್ರ ಕಚೇರಿ, ಬರುತ್ತಿದ್ದದ್ದು ಹುಡುಕಾಟಕ್ಕಾಗಿ ಪುಟಗಳನ್ನು ಓದಿಡುವ ಅದರ ತಂತ್ರಾಂಶ. ಮಂಗಳಾಚರಣೆಯಲ್ಲಿ ನಾವು ಯಾರಿಗೆ ನಮಸ್ಕರಿಸಿದೆವೆಂದು ಈಗ ಗೊತ್ತಾಗಿರಬೇಕು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಟೆಂಪ್ಲೇಟ್ ಚೆಂದವಿದ್ದರೆ ಓದುಗ ಬಂದೇ ಬರುತ್ತಾನೆ. ಖಂಡನೆ: ಟೆಂಪ್ಲೇಟ್ ಕಾಣುವುದು ಓದುಗ ಬಂದ ಮೇಲೆ. ಬಂದ ಮೇಲೆ ಕಂಡದ್ದು ಬರುವುದಕ್ಕೆ ಕಾರಣವಾಗಲು ತರ್ಕಶಾಸ್ತ್ರದಲ್ಲಿ ಎಡೆಯಿಲ್ಲ. ಸಾಲದೆಂಬಂತೆ 2005ರಲ್ಲಿ ಗೂಗಲ್ ರೀಡರ್ ಬಂದು, ಎಲ್ಲ ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಬೋಳು ಪುಟದಲ್ಲಿ ಸಾಲಾಗಿ ತೋರಿಸತೊಡಗಿತು. ಹಿಮ, ಗಡಿಯಾರ, ಭಾವಗೀತೆ ಯಾವುದೂ ಅಲ್ಲಿ ದಾಟಿ ಬರುತ್ತಿರಲಿಲ್ಲ. ಅತ್ಯಂತ ನಿಷ್ಠಾವಂತ ಓದುಗರೇ ಬ್ಲಾಗಿನ ಅಲಂಕಾರವನ್ನು ಒಮ್ಮೆಯೂ ನೋಡದೆ ಓದಿಕೊಂಡು ಹೋದರು. ಅದೇ ಕಾಲಕ್ಕೆ, 2006ರಲ್ಲಿ, ಜಾಲತಾಣ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 232 ಜನರ ಕಣ್ಣೋಟ ಅಳೆದು, ಜಾಲಪುಟ ನೋಡುವವರ ಕಣ್ಣು ಇಂಗ್ಲಿಷಿನ ಎಫ್ ಆಕಾರದಲ್ಲಿ ಓಡುತ್ತದೆ ಎಂದ: ಮೊದಲ ಸಾಲು ಅಡ್ಡಕ್ಕೆ, ಅದರ ಕೆಳಗೆ ಇನ್ನೊಂದು ಸ್ವಲ್ಪ ಗಿಡ್ಡ ಅಡ್ಡ, ಆಮೇಲೆ ಎಡ ಅಂಚು ಹಿಡಿದು ನೇರ ಕೆಳಕ್ಕೆ. ಕನ್ನಡದ ಬ್ಲಾಗಿಗರೋ ಕವಿತೆಗಳನ್ನು ಪುಟದ ನಟ್ಟನಡುವಿಗೆ ಸರಿಸಿಡುತ್ತಿದ್ದರು. ಎಡ ಅಂಚಿನಲ್ಲಿ ಜಾರಿದ ಕಣ್ಣಿಗೆ ಅಲ್ಲಿ ಏನೂ ಇರುತ್ತಿರಲಿಲ್ಲ.

ಹಾಗಾದರೆ ಓದುಗ ಬರುವುದು ಹೇಗೆ? ಇದು ಶಾಸ್ತ್ರದ ಗರ್ಭ. ಭರತನೇ ಹೇಳಿದ ಅಷ್ಟನಾಯಿಕೆಯರನ್ನು, ಅಂದರೆ ಪ್ರಿಯನ ವಿಷಯದಲ್ಲಿ ಎಂಟು ಅವಸ್ಥೆಗಳಲ್ಲಿರುವ ನಾಯಿಕೆಯರನ್ನು, ಇಲ್ಲಿಗೆ ಕರೆತರದೆ ವಿಷಯ ಬಗೆಹರಿಯದು. ಓದುಗ ನಾಯಕ, ಬ್ಲಾಗಿಗ, ಮೀಸೆಯಿದ್ದರೂ, ನಾಯಿಕೆ. ಟೆಂಪ್ಲೇಟ್ ಬದಲಿಸಿ, ಬಲಗಡೆ ಹೊಸ ಪಟ್ಟಿ ಜೋಡಿಸಿ, ಮೊದಲ ಬರಹ ಹಾಕಿ ಬಾಗಿಲಲ್ಲಿ ಕೂತವನು ವಾಸಕಸಜ್ಜೆ. ಹತ್ತು ನಿಮಿಷಕ್ಕೊಮ್ಮೆ ಪುಟವನ್ನು ರಿಫ್ರೆಶ್ ಮಾಡುವವನು ವಿರಹೋತ್ಕಂಠಿತೆ. ಸಂಜೆಯ ಹೊತ್ತಿಗೆ ಎಣಿಕೆ ಯಂತ್ರ 40 ತೋರಿಸಿ, ನಲವತ್ತೂ ತನ್ನದೇ ರಿಫ್ರೆಶ್ ಎಂದು ಅರಿವಾದವನು ವಿಪ್ರಲಬ್ಧೆ. (2010ರಲ್ಲಿ ಬ್ಲಾಗರ್ ತಾನೇ ಎಣಿಕೆಯ ಪುಟ ಕೊಟ್ಟಿತು, ನಿಮ್ಮ ಭೇಟಿಗಳನ್ನು ಲೆಕ್ಕಿಸಬೇಡಿ ಎಂಬ ಆಯ್ಕೆಯೂ ಅದರಲ್ಲಿತ್ತು. ಅದನ್ನು ಒತ್ತುವ ಧೈರ್ಯ ಕಡಿಮೆ ಜನರಿಗೆ.) ತನ್ನ ಕವಿತೆ ಓದದ ಗೆಳೆಯ ಇನ್ನೊಬ್ಬರ ಬ್ಲಾಗಿನಲ್ಲಿ ‘ಅದ್ಭುತ ಸರ್’ ಎಂದು ಬರೆದದ್ದನ್ನು ಕಂಡವನು ಖಂಡಿತೆ. ಖಾರವಾದ ಟೀಕೆಯನ್ನು ಅಳಿಸಿ, ಆಮೇಲೆ ಆ ಒಬ್ಬನೇ ಪೂರ್ತಿ ಓದಿದ್ದನೆಂದು ಹೊಳೆದು ಕೈಕೈ ಹಿಸುಕಿಕೊಂಡವನು ಕಲಹಾಂತರಿತೆ. ಸ್ವಾಧೀನಪತಿಕೆ ಅಪರೂಪ, ಹೆಂಡತಿಯೊಬ್ಬಳೇ ಓದುಗಿಯಾಗಿರುವಲ್ಲಿ ಮಾತ್ರ ಕಾಣಸಿಗುತ್ತಾಳೆ, ಅಲ್ಲಿಯೂ ಸ್ವಾಧೀನ ಯಾರದ್ದೆಂಬುದು ವಿವಾದಾಸ್ಪದ.

ಉಳಿದವರಿಬ್ಬರಲ್ಲಿ ಅಭಿಸಾರಿಕೆಯೇ ಈ ಶಾಸ್ತ್ರದ ನಾಯಕಮಣಿ. ರಾತ್ರಿ ಊಟವಾದ ಮೇಲೆ ಇವಳು ಮನೆ ಬಿಟ್ಟು ಹೊರಡುತ್ತಾಳೆ. ಒಂದೊಂದೇ ಬ್ಲಾಗಿನ ಬಾಗಿಲು ತಟ್ಟಿ, ‘ತುಂಬಾ ಚೆನ್ನಾಗಿದೆ, ನನ್ನ ಬ್ಲಾಗಿಗೂ ಒಮ್ಮೆ ಭೇಟಿ ಕೊಡಿ’ ಎಂದು ಬರೆದಿಟ್ಟು ಬರುತ್ತಾಳೆ. ಪಂಡಿತರು ಇದನ್ನು ಲಜ್ಜೆಗೇಡಿತನವೆಂದರು. ನಾವು ಒಪ್ಪುವುದಿಲ್ಲ. ಇದು ಮದುವೆ ಮನೆಯ ಮುಯ್ಯಿ. ಅವರ ಮನೆಯ ಪಟ್ಟಿಯಲ್ಲಿ ನಮ್ಮ ಹೆಸರು ಬರೆಸಿದರೆ ನಮ್ಮ ಮನೆಯ ಕಾರ್ಯಕ್ಕೆ ಅವರು ಬರುತ್ತಾರೆ. ಕನ್ನಡ ಬ್ಲಾಗುಗಳ ಓದುಗ ಬಳಗ ಬೆಳೆದದ್ದು ಬಹುಮಟ್ಟಿಗೆ ಹೀಗೆಯೇ. ಬ್ಲಾಗಿಗರು ಬ್ಲಾಗಿಗರನ್ನು ಓದಿದರು. ಓದುಗರ ಗುಂಪು ಬೇರೆಯಾಗಿ ಎಲ್ಲೋ ಇದೆ, ಅದನ್ನು ಸೆಳೆಯಬೇಕು ಎಂದು ಕಾದವರು ಕಾದೇ ಇದ್ದರು.

‘ಚೆನ್ನಾಗಿದೆ’ ಎಂಬ ಒಂದೇ ಪದದ ಪ್ರತಿಕ್ರಿಯೆಯನ್ನು ವಿಮರ್ಶಕರು ಕನ್ನಡಿಗರ ಸೋಮಾರಿತನವೆಂದು ಹಳಿದಿದ್ದಾರೆ. ಅವರು ಕಾರ್ಯವಿಧಾನ ಅರಿಯರು. ಓದಿದ್ದು ಇಷ್ಟವಾದರೆ ಬರಹ ತಂತ್ರಾಂಶ ತೆರೆದು, ಅಲ್ಲಿ ಟೈಪಿಸಿ, ನಕಲು ಮಾಡಿ, ಇಲ್ಲಿ ಅಂಟಿಸಿ, ನೀನು ಮನುಷ್ಯನೇ ಎಂದು ಸಾಬೀತುಪಡಿಸಲು ಸೊಟ್ಟಸೊಟ್ಟನೆಯ ಇಂಗ್ಲಿಷ್ ಅಕ್ಷರಗಳನ್ನು ತುಂಬಿ, ಒಮ್ಮೆ ತಪ್ಪಿ, ಮತ್ತೆ ತುಂಬಬೇಕಿತ್ತು. ಇಷ್ಟೆಲ್ಲ ಪಟ್ಟು ‘ಚೆನ್ನಾಗಿದೆ’ ಎಂದವನ ಆ ಒಂದು ಪದಕ್ಕೆ ಈಗಿನ ನೂರು ಹೃದಯದ ಚಿತ್ರಗಳು ಸಮವಲ್ಲ. ಆದರೂ ಒಂದು ಮಾತು ಒಪ್ಪಬೇಕು. ಓದು ಕಲಿಯದೆಯೂ ಕಾವ್ಯದ ಹದ ಬಲ್ಲವರೆಂದು 9ನೇ ಶತಮಾನದ ಕವಿರಾಜಮಾರ್ಗ ಈ ನಾಡವರನ್ನು ಹೊಗಳಿತ್ತು. ಬರಹವನ್ನು ಓದದೆಯೇ ಅಭಿಪ್ರಾಯ ಬರೆಯಬಲ್ಲವರೂ ನಮ್ಮಲ್ಲಿ ಉಂಟೆಂದು ಅದಕ್ಕೆ ಗೊತ್ತಿರಲಿಲ್ಲ.

ಎಂಟನೆಯವಳು ಪ್ರೋಷಿತಪತಿಕೆ, ಪತಿ ಪರದೇಶಕ್ಕೆ ಹೋದವಳು. ಓದುಗ ಫೇಸ್‌ಬುಕ್ಕಿಗೆ ಹೋದ. 2013ರ ಜುಲೈ 1ರಂದು ಗೂಗಲ್ ರೀಡರ್ ಕೂಡ ಬಾಗಿಲು ಹಾಕಿತು. ನಾಯಿಕೆಯರೂ ಬಹುಪಾಲು ಅವನ ಹಿಂದೆಯೇ ಹೋಗಿ, ಅಲ್ಲಿ ಮೂರು ಸಾಲು ಬರೆದು ಮುನ್ನೂರು ಲೈಕು ಪಡೆದರು. ಹೋದ ವಾರ ಬರೆದದ್ದನ್ನು ಮಾತ್ರ ತಾವೇ ಹುಡುಕಿದರೂ ಸಿಗದು.

ಬ್ಲಾಗಿನಲ್ಲಿ ಬಿಟ್ಟು ಹೋದದ್ದು ಹಾಗಲ್ಲ. ಇಂದಿಗೂ ಗೂಗಲ್ಲಿನಿಂದ ಬಂದಿಳಿಯುವವರಿದ್ದಾರೆ: ನಾಳೆ ಗಾದೆ ವಿಸ್ತರಿಸಿ ಬರೆಯಬೇಕಾದ ಹೈಸ್ಕೂಲು ಹುಡುಗ, ಅಜ್ಜಿ ಮಾಡುತ್ತಿದ್ದ ಗೊಜ್ಜಿನ ಅಳತೆ ಬೇಕಾದ ಹೊಸ ಸಂಸಾರಿ. ಅವರು ಟೆಂಪ್ಲೇಟನ್ನು ನೋಡುವುದಿಲ್ಲ, ಬೇಕಾದದ್ದು ಇದೆಯೇ ಎಂದಷ್ಟೇ ನೋಡುತ್ತಾರೆ. ಗೊಜ್ಜಿಗೆ ಹುಣಿಸೆ ಎಷ್ಟು ಎಂದು ಸರಿಯಾಗಿ ಬರೆದವರ ಬ್ಲಾಗು ಉಳಿಯಿತು. ಇಷ್ಟೇ ಈ ಶಾಸ್ತ್ರದ ಸಿದ್ಧಾಂತ. ಮೊದಲೇ ಹೇಳಿದ್ದರೆ ಗ್ರಂಥ ಬೆಳೆಯುತ್ತಿರಲಿಲ್ಲ.

ಪದ್ಧತಿಯಂತೆ ಇಲ್ಲಿ ಫಲಶ್ರುತಿ ಬರಬೇಕು. ಅದರ ಬದಲು ವಾಚಕರಲ್ಲಿ ಒಂದು ವಿನಂತಿ. ನೀವು ಹಿಂದೆ ಓದುತ್ತಿದ್ದ ಯಾವುದಾದರೂ ಕನ್ನಡ ಬ್ಲಾಗಿಗೆ ಇವತ್ತು ಹೋಗಿ, ಒಂದು ಬರಹವನ್ನು ಪೂರ್ತಿ ಓದಿ, ಅದರಲ್ಲಿ ಏನಿತ್ತೆಂದು ಎರಡು ಸಾಲು ಬರೆದು ಬನ್ನಿ. ಈಗ ಬರಹ ತಂತ್ರಾಂಶ ಬೇಡ, ಎಕ್ಸ್‌ಪಿ ಸಿ.ಡಿ. ಬೇಡ, ನಿಮ್ಮ ಫೋನಿನಲ್ಲೇ ಕನ್ನಡವಿದೆ.