ಅಟ್ಟದ ಮೇಲಿನ ಮಾರ್ಗದರ್ಶಕರು

ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿಗೆ ವಿಷಯ ಹುಡುಕುವವರಿಗೆ ಸಲಹೆ ಕೊಡುವ ಜನಕ್ಕೆ ನಾಡಿನಲ್ಲಿ ಬರವಿಲ್ಲ. ಆದರೆ ಹನ್ನೊಂದು ತಿಂಗಳು ಕೂತಲ್ಲೇ ಕೂತು, ಕೆಳಗಿನ ಜಗಲಿಯ ರಾಜಕೀಯವನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡವರು ಅಪರೂಪ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದ ಬಳಿ ಒಂದು ಮನೆಯ ಅಟ್ಟದಲ್ಲಿರುವ ಉಂಡೆ ಕೊಬ್ಬರಿ ಅಂಥ ಅಪರೂಪದವರಲ್ಲಿ ಒಂದು. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದ ಮೇಲೆ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಸದ್ದು ಮಾಡುವವರೆಗೆ ಅದಕ್ಕೆ ಬೇರೆ ಕೆಲಸವಿಲ್ಲ. ಸದ್ದು ಮಾಡುವ ಹಂತಕ್ಕೆ ಬಂದಿರುವುದರಿಂದ ಈಗ ಮಾತಿಗೂ ಸಿಕ್ಕಿತು.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ಸಂಶೋಧನೆಗೆ ವಿಷಯ ಆರಿಸುವುದು ಹೇಗೆ?

ಕೊಬ್ಬರಿ: ಈಗ ಹೇಗೆ ಆರಿಸುತ್ತಾರೆ ಅನ್ನುವುದನ್ನು ಮೊದಲು ನೋಡೋಣ. ಸರ್ಕಾರದ ಒಂದು ಯೋಜನೆಯ ಹೆಸರು ತಗೊಳ್ಳುತ್ತಾರೆ, ಪಕ್ಕಕ್ಕೆ ಒಂದು ಜಿಲ್ಲೆಯ ಹೆಸರು ಇಡುತ್ತಾರೆ, ಕೊನೆಗೆ ‘ಒಂದು ಅಧ್ಯಯನ’ ಅಂತ ಬಾಲ ಕಟ್ಟುತ್ತಾರೆ. ದೇಶದ ಪ್ರಬಂಧಗಳನ್ನೆಲ್ಲ ಒಂದೆಡೆ ಇಟ್ಟಿರುವ ಶೋಧಗಂಗಾ ತಾಣದಲ್ಲಿ ಈ ಬಾಲ ಎಷ್ಟು ಉದ್ದ ಇದೆ ಅಂತ ನೀವೇ ನೋಡಿಕೊಳ್ಳಿ. ಮೂರನ್ನೂ ಸೇರಿಸಿದರೆ ಶೀರ್ಷಿಕೆ ಆಗುತ್ತದೆ ಸ್ವಾಮಿ, ವಿಷಯ ಆಗುವುದಿಲ್ಲ. ವಿಷಯ ಅನ್ನಿಸಿಕೊಳ್ಳಬೇಕಾದರೆ ಉತ್ತರ ಹೀಗೂ ಬರಬಹುದು, ಹಾಗೂ ಬರಬಹುದು ಅನ್ನುವಂತಿರಬೇಕು. ‘ಸ್ವಸಹಾಯ ಗುಂಪುಗಳಿಂದ ಮಹಿಳಾ ಸಬಲೀಕರಣ’ ಅಂತ ಹೊರಟವರು ಐದು ವರ್ಷ ತಿರುಗಿ ‘ತಕ್ಕಮಟ್ಟಿಗೆ ಆಗಿದೆ, ಇನ್ನೂ ಆಗಬೇಕಿದೆ’ ಅಂತ ಬರೆಯುತ್ತಾರೆ. ಅದು ಹೊರಡುವ ಮೊದಲೇ ಗೊತ್ತಿತ್ತು. ಸಂಶೋಧಕರು ಸೋಲುವ ಸಾಧ್ಯತೆಯೇ ಇಲ್ಲದ ಪ್ರಶ್ನೆಯಲ್ಲಿ ಗೆದ್ದರೂ ಏನು ಬಂತು?

ಪ್ರಶ್ನೆ: ಟೀಕೆ ಸುಲಭ. ಸೋಲಬಹುದಾದ ಒಂದು ಪ್ರಶ್ನೆಯನ್ನು ಈ ಸೀಮೆಯಿಂದಲೇ ಕೊಡಿ.

ಕೊಬ್ಬರಿ: ಕೊಡುತ್ತೇನೆ. ಹಸಿರು ಶಾಲು ಹೊದ್ದ ಶಾಸಕರು ಧಾರವಾಡದಿಂದ ಗೆದ್ದರು, ಪಾಂಡವಪುರ-ಮೇಲುಕೋಟೆಯಿಂದ ಗೆದ್ದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ರೈತ ಚಳವಳಿ ಆ ಮಟ್ಟಕ್ಕೆ ಬೆಳೆಯಲಿಲ್ಲ. ಯಾಕೆ? ‘ಇಲ್ಲಿ ಜಾತಿ ಲೆಕ್ಕಾಚಾರ ಜಾಸ್ತಿ’ ಅಂತ ಥಟ್ಟನೆ ಹೇಳಿಬಿಡುತ್ತಾರೆ. ಪಾಂಡವಪುರ ಇರುವ ಮಂಡ್ಯದ ಕಬ್ಬಿನ ಸೀಮೆಯಲ್ಲಿ ಜಾತಿ ಇಲ್ಲವೇ? ನನ್ನ ಊಹೆ ಬೇರೆ, ಅದು ಈ ಅಟ್ಟದಿಂದಲೇ ಹುಟ್ಟಿದ್ದು. ಕಬ್ಬನ್ನು ಕಡಿದ ಮೇಲೆ ಇಟ್ಟುಕೊಂಡು ಕೂರಲಾಗದು. ದಿನ ಕಳೆದಂತೆ ಸಕ್ಕರೆ ಅಂಶ ಇಳಿಯುತ್ತದೆ. ಹಾಗಾಗಿ ಒಂದು ಕಾರ್ಖಾನೆಯ ಸುತ್ತಲಿನ ರೈತರೆಲ್ಲ ಒಂದೇ ಕಾಲಕ್ಕೆ ಒಂದೇ ಗೇಟಿನ ಮುಂದೆ ಗಾಡಿ ನಿಲ್ಲಿಸುತ್ತಾರೆ. ಬಾಕಿ ಬರದಿದ್ದರೆ ಎಲ್ಲರಿಗೂ ಒಟ್ಟಿಗೇ ಬರುವುದಿಲ್ಲ. ಸಂಘ ಕಟ್ಟುವವನು ಮನೆಮನೆಗೆ ಹೋಗಬೇಕಿಲ್ಲ, ಗೇಟಿನ ಬಳಿ ನಿಂತರೆ ಸಾಕು. ನಾನು ಹಾಗಲ್ಲ. ಅಟ್ಟದ ಮೇಲಿರುತ್ತೇನೆ. ಬೆಲೆ ಬಿದ್ದರೆ ಕೈಯಲ್ಲಿ ಕಾಸಿರುವವನು ನನ್ನನ್ನು ಇಳಿಸುವುದಿಲ್ಲ. ಮಗಳ ಮದುವೆಯೋ, ಬ್ಯಾಂಕಿನ ಕಂತೋ ಎದುರಿಗಿರುವವನು ಇಳಿಸಿ ತಿಪಟೂರಿನ ಎಪಿಎಂಸಿಗೆ ಸಾಗಿಸುತ್ತಾನೆ. ಒಂದೇ ಬೀದಿಯ ಎರಡು ಮನೆಗಳಿಗೆ ನಷ್ಟ ಒಂದೇ ದಿನ ತಟ್ಟುವುದಿಲ್ಲ. ದುಃಖ ಕಂತಿನಲ್ಲಿ ಬಂದರೆ ಧರಣಿಗೆ ಜನ ಸೇರುವುದು ಕಷ್ಟ.

ಪ್ರಶ್ನೆ: 2023ರಲ್ಲಿ ಬೆಲೆ ಬಿದ್ದಾಗ ತಿಪಟೂರಿನಲ್ಲೂ ಹೋರಾಟ ನಡೆಯಿತಲ್ಲ?

ಕೊಬ್ಬರಿ: ನಡೆಯಿತು. ಆ ವರ್ಷ ನನಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ, ಪೇಟೆ ದರ ಅದಕ್ಕಿಂತ ಎಷ್ಟೋ ಕೆಳಗೆ. 2024ಕ್ಕೆ 12,000 ಆಯಿತು, ರಾಜ್ಯ ಸರ್ಕಾರ ಮೇಲೊಂದಿಷ್ಟು ಪ್ರೋತ್ಸಾಹಧನ ಸೇರಿಸಿತು. ಆಗ ನಾಫೆಡ್ ಖರೀದಿ ಕೇಂದ್ರಗಳ ಮುಂದೆ ನೋಂದಣಿಗೆ ಸಾಲು ನಿಂತವರನ್ನು ನೋಡಬೇಕಿತ್ತು. ನನ್ನ ಊಹೆಯನ್ನು ಅದು ಸುಳ್ಳು ಮಾಡುವುದಿಲ್ಲ, ಗಟ್ಟಿ ಮಾಡುತ್ತದೆ. ನೋಂದಣಿಗೆ ದಿನಾಂಕ ಇತ್ತು, ಎಕರೆಗೆ ಇಷ್ಟೇ ಕ್ವಿಂಟಾಲ್ ಅನ್ನುವ ಮಿತಿ ಇತ್ತು. ಅಟ್ಟಗಳಲ್ಲಿ ಚದುರಿದ್ದ ರೈತರನ್ನು ಸರ್ಕಾರವೇ ಒಂದು ದಿನಕ್ಕೆ, ಒಂದು ಗೇಟಿಗೆ ತಂದು ನಿಲ್ಲಿಸಿತು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಪೇಟೆಯಲ್ಲಿ ನನ್ನ ದರ 20,000 ದಾಟಿತು, ಬೆಂಬಲ ಬೆಲೆಯ ಮಾತು ಜಗಲಿಯಿಂದ ಮಾಯವಾಯಿತು. ಅದೇ ವರ್ಷ ಹೇಮಾವತಿ ನೀರನ್ನು ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಬೇಡವೆಂದು ಗುಬ್ಬಿ, ತುರುವೇಕೆರೆ ಕಡೆಯವರು ಪಕ್ಷ ಮರೆತು ಬೀದಿಗಿಳಿದರು. ಅದೇ ಜನ, ಅದೇ ಜಾತಿಗಳು. ಆದರೆ ನೀರು ಬರದಿದ್ದರೆ ಎಲ್ಲರ ತೋಟಕ್ಕೂ ಒಟ್ಟಿಗೇ ಬರುವುದಿಲ್ಲ. 1980ರಲ್ಲಿ ನರಗುಂದ-ನವಲಗುಂದದ ರೈತರು ಎದ್ದದ್ದೂ ಮಲಪ್ರಭಾ ಅಚ್ಚುಕಟ್ಟಿನವರ ಮೇಲೆ ಒಟ್ಟಿಗೇ ಬಿದ್ದ ಕರದ ವಿರುದ್ಧ ತಾನೇ?

ಪ್ರಶ್ನೆ: ಅಡಿಕೆಯನ್ನೂ ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ಆದರೂ ಅಡಿಕೆ ಬೆಳೆಗಾರರು 1973ರಲ್ಲೇ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿಕೊಂಡರು. ನಿಮ್ಮ ಊಹೆ ಅಲ್ಲಿಗೆ ಬಿತ್ತಲ್ಲ?

ಕೊಬ್ಬರಿ: ಭೇಷ್! ಇಂಥ ಏಟು ತಿನ್ನುವ ಯೋಗ್ಯತೆ ಇರುವುದನ್ನೇ ನಾನು ವಿಷಯ ಅನ್ನುವುದು. ಬೀಳಬಹುದು. ಬೀಳದೆಯೂ ಇರಬಹುದು. ಅಡಿಕೆಯವರು ಕಟ್ಟಿಕೊಂಡದ್ದು ಕೊಳ್ಳುವ-ಮಾರುವ ಸಹಕಾರ ಸಂಸ್ಥೆ, ರಸ್ತೆಗಿಳಿಯುವ ಸಂಘವಲ್ಲ. ಇಟ್ಟುಕೊಳ್ಳಬಹುದಾದ ಬೆಳೆಯವರು ವ್ಯಾಪಾರದ ಕಡೆಗೂ, ಇಟ್ಟುಕೊಳ್ಳಲಾಗದ ಬೆಳೆಯವರು ಚಳವಳಿಯ ಕಡೆಗೂ ಹೋಗುತ್ತಾರೇನೋ. ಹಾಗಿದ್ದರೆ ಇನ್ನೊಂದು ಪರೀಕ್ಷೆ ಇದೆ. ನನ್ನ ತಮ್ಮ ಎಳನೀರು ಮದ್ದೂರಿನ ಮಾರುಕಟ್ಟೆಗೆ ಹೋಗುತ್ತಾನೆ. ಮರ ಒಂದೇ, ಆದರೆ ಅವನನ್ನು ಅಟ್ಟದಲ್ಲಿ ಇಡಲಾಗದು. ಎಳನೀರು ಮಾರುವ ರೈತನೂ ಕೊಬ್ಬರಿ ಮಾರುವ ರೈತನೂ ಬೆಲೆ ಕುಸಿದಾಗ ಒಂದೇ ಥರ ನಡೆದುಕೊಂಡರೆ ನನ್ನ ಊಹೆಯನ್ನು ಒಲೆಗೆ ಹಾಕಿ. ಬೇರೆ ಥರ ನಡೆದುಕೊಂಡರೆ ಬರೆಯಲು ಕೂರಿ. ಅಮ್ಮಸಂದ್ರದಲ್ಲೇ ಮತ್ತೊಂದು ಹೋಲಿಕೆ ಸಿಗುತ್ತದೆ. ಇಲ್ಲಿ ಸಿಮೆಂಟ್ ಕಾರ್ಖಾನೆ ಇದೆ. ಮೈಸೂರು ಸಿಮೆಂಟ್ಸ್ ಆಗಿದ್ದದ್ದು 2006ರಲ್ಲಿ ಹೈಡೆಲ್‌ಬರ್ಗ್ ಕೈಗೆ ಹೋಯಿತು. ತಿಂಗಳಿಗೊಮ್ಮೆ ಸಂಬಳ ಎಣಿಸುವ ಮನೆ, ವರ್ಷಕ್ಕೊಮ್ಮೆ ಕೊಬ್ಬರಿ ದುಡ್ಡು ಎಣಿಸುವ ಮನೆ, ಎರಡೂ ಅಕ್ಕಪಕ್ಕ. ಸರ್ಕಾರದಿಂದ ಇವರು ಬಯಸುವುದು ಒಂದೇ ಏನು? ಕೇಳಿದವರು ಯಾರು?

ಪ್ರಶ್ನೆ: ಅಮ್ಮಸಂದ್ರದಷ್ಟು ಚಿಕ್ಕ ಊರಿನ ಪ್ರಶ್ನೆ ಹೊರಗಿನವರಿಗೆ ಯಾಕೆ ಬೇಕು?

ಕೊಬ್ಬರಿ: ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಹೋಗಿ ಕೂತರು, ಬರೆಯುವಾಗ ಅದನ್ನು ರಾಂಪುರ ಅಂತ ಕರೆದರು. ಇವತ್ತು ಟಿವಿಯವರ ಬಾಯಲ್ಲಿ ಸವೆದುಹೋಗಿರುವ ‘ವೋಟ್ ಬ್ಯಾಂಕ್’ ಅನ್ನುವ ಮಾತು 1955ರಲ್ಲಿ ಆ ಹಳ್ಳಿಯ ಮೇಲೆ ಅವರು ಬರೆದ ಲೇಖನದಿಂದ ಹೊರಟದ್ದು. ಅವರು ‘ಮೈಸೂರು ಜಿಲ್ಲೆಯನ್ನು ವಿಶೇಷವಾಗಿ ಉಲ್ಲೇಖಿಸಿ’ ಅಂತ ಹೊರಡಲಿಲ್ಲ, ಯಾರು ಯಾರ ಮಾತು ಯಾಕೆ ಕೇಳುತ್ತಾರೆ ಅಂತ ನೋಡಿದರು. ಜಿಲ್ಲೆಯ ಹೆಸರು ಹಾಕಿದ ಮಾತ್ರಕ್ಕೆ ಪ್ರಬಂಧ ಸ್ಥಳೀಯವಾಗುವುದಿಲ್ಲ. ತುಮಕೂರು ತೆಗೆದು ಬೀದರ್ ಹಾಕಿದರೂ ಒಂದು ವಾಕ್ಯವೂ ಕದಲದಿದ್ದರೆ ಅದು ಎರಡು ಜಿಲ್ಲೆಗೂ ಸೇರಿದ್ದಲ್ಲ.

ಪ್ರಶ್ನೆ: ಕ್ಷೇತ್ರಕಾರ್ಯ ನಡೆಯುತ್ತಿದೆಯಲ್ಲ? ಪ್ರಶ್ನಾವಳಿ ಹಿಡಿದು ನಿಮ್ಮ ಜಗಲಿಗೂ ಬಂದಿರಬೇಕು.

ಕೊಬ್ಬರಿ: ಬರುತ್ತಾರೆ. ಮೊದಲು ಕೇಳುವುದು ವಯಸ್ಸು. ಮೂರನೇ ಅಧ್ಯಾಯದ ಮೊದಲ ಕೋಷ್ಟಕ ಅದೇ: 18ರಿಂದ 30, 31ರಿಂದ 45, 46ರಿಂದ 60, 60 ಮೇಲ್ಪಟ್ಟವರು. ಕೆಳಗೆ ಮೇಲಿನ ಅಂಕಿಗಳನ್ನೇ ಅಕ್ಷರದಲ್ಲಿ ಬರೆದ ಒಂದು ಪ್ಯಾರಾ. ಆಮೇಲೆ ಆ ವಯಸ್ಸು ಪ್ರಬಂಧದಲ್ಲಿ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ಕಾಣಿಸಿಕೊಂಡರೂ ವೇಷ ಬದಲಿಸಿಕೊಂಡೇ. ಯುಜಿಸಿಯ 2018ರ ನಿಯಮದಂತೆ ಇನ್ನೊಬ್ಬರ ಬರಹದೊಂದಿಗೆ ಹೋಲಿಕೆ ಶೇ 10 ಮೀರಿದರೆ ತೊಂದರೆ. ಹಾಗಾಗಿ ಹಳೆಯ ಪ್ರಬಂಧದಲ್ಲಿ ‘ಓಲ್ಡ್’ ಇದ್ದದ್ದನ್ನು ‘ಏಜ್ಡ್’ ಮಾಡುತ್ತಾರೆ, ‘ಏಜ್ಡ್’ ಇದ್ದದ್ದನ್ನು ‘ಎಲ್ಡರ್ಲಿ’, ಅದು ಈಗಾಗಲೇ ಯಾರದ್ದೋ ಆಗಿದ್ದರೆ ‘ಸೀನಿಯರ್ ಸಿಟಿಜನ್’. ತಂತ್ರಾಂಶ ಸುಮ್ಮನಾಗುತ್ತದೆ. ಜಗಲಿಯ ಮೇಲಿನ ಅಜ್ಜನಿಗೆ ನಾಲ್ಕು ಹೆಸರಾದವು, ಅವನನ್ನು ಕೇಳಬೇಕಾದ ಪ್ರಶ್ನೆ ಮಾತ್ರ ಒಂದೂ ಹುಟ್ಟಲಿಲ್ಲ.

ವಯಸ್ಸಿನಲ್ಲಿ ಪ್ರಶ್ನೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಕೋಷ್ಟಕ ಅದನ್ನು ಕೊಲ್ಲುತ್ತದೆ ಅಂತ ಹೇಳುತ್ತಿದ್ದೇನೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ, ಸಂವಿಧಾನದ 61ನೇ ತಿದ್ದುಪಡಿಯಿಂದ. ಅದಕ್ಕೂ ಮೊದಲು, 1950ರಲ್ಲಿ ಹುಟ್ಟಿದ ಒಬ್ಬರು ವಿಧಾನಸಭೆಗೆ ಮೊದಲ ಮತ ಹಾಕಿದ್ದು 1972ರಲ್ಲಿ, ದೇವರಾಜ ಅರಸು ಮೇಲೆ ಬಂದ ಚುನಾವಣೆಯಲ್ಲಿ. 1960ರಲ್ಲಿ ಹುಟ್ಟಿದವರು ಮೊದಲ ಮತ ಹಾಕಿದ್ದು 1983ರಲ್ಲಿ, ರಾಜ್ಯದಲ್ಲಿ ಮೊದಲ ಬಾರಿ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ. ಒಬ್ಬರಿಗೆ ಸರ್ಕಾರ ಅಂದರೆ ಭೂಸುಧಾರಣೆ ನೆನಪಾಗಬಹುದು, ಇನ್ನೊಬ್ಬರಿಗೆ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಮತ್ತು ಜಿಲ್ಲಾ ಪರಿಷತ್ತು. ಕೋಷ್ಟಕ ಇಬ್ಬರನ್ನೂ ‘60 ಮೇಲ್ಪಟ್ಟವರು’ ಅನ್ನುವ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಮನುಷ್ಯ ಮುದುಕನಾದ್ದರಿಂದ ಹಾಗೆ ಮತ ಹಾಕುತ್ತಾನೋ, ತಾನು ಪ್ರಾಯಕ್ಕೆ ಬಂದ ಕಾಲದ ಗುರುತು ಅಳಿಯದ್ದರಿಂದ ಹಾಕುತ್ತಾನೋ? ಇದು ಪ್ರಶ್ನೆ. ಇದಕ್ಕೆ ವಯಸ್ಸಲ್ಲ, ಹುಟ್ಟಿದ ವರ್ಷ ಕೇಳಬೇಕು.

ಪ್ರಶ್ನೆ: ವಿದ್ಯಾರ್ಥಿಯ ಕಡೆಯಿಂದಲೂ ನೋಡಿ. ಫೆಲೋಶಿಪ್ ಎಲ್ಲರಿಗೂ ಸಿಗುವುದಿಲ್ಲ, ಅತಿಥಿ ಉಪನ್ಯಾಸಕರ ಸಂಬಳದಲ್ಲಿ ಮನೆ ನಡೆಸಬೇಕು. ಊಹೆ ಸುಳ್ಳಾದರೆ ಪದವಿಯೇ ಕೈತಪ್ಪುವ ಭಯ. ಸುರಕ್ಷಿತ ವಿಷಯ ಆರಿಸಿದರೆ ತಪ್ಪೇನು?

ಕೊಬ್ಬರಿ: ಈ ಮಾತಿಗೆ ತೂಕವಿದೆ, ತಳ್ಳಿಹಾಕುವುದಿಲ್ಲ. ಬಡವನಿಗೆ ಧೈರ್ಯ ಉಪದೇಶಿಸುವುದು ಹೊಟ್ಟೆ ತುಂಬಿದವರ ಚಟ. ಆದರೆ ಊಹೆ ಸುಳ್ಳಾದರೆ ಪ್ರಬಂಧವೇ ಸುಳ್ಳು ಅಂತ ಯುಜಿಸಿಯ ಯಾವ ನಿಯಮವೂ ಹೇಳುವುದಿಲ್ಲ. ‘ಕೊಬ್ಬರಿ ರೈತರು ಸಂಘಟಿತರಾಗದಿರಲು ಅಟ್ಟ ಕಾರಣವಲ್ಲ’ ಅಂತ ಸಾಬೀತು ಮಾಡಿದರೂ ಅದು ಹೊಸ ತಿಳಿವಳಿಕೆಯೇ. ಸಮಯಕ್ಕೂ ಅಷ್ಟು ಹೆದರಬೇಕಿಲ್ಲ: ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಇನ್ನು ಖರ್ಚಿನ ಮಾತು. ಐನೂರು ಜನರಿಗೆ ಪ್ರಶ್ನಾವಳಿ ಹಂಚಿ ತುಂಬಿಸಲು ಆಗುವ ಓಡಾಟಕ್ಕಿಂತ ಎಪಿಎಂಸಿಯ ಆವಕದ ಪುಸ್ತಕವನ್ನೂ ಹೋರಾಟಗಳ ತಾರೀಖುಗಳನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಅಗ್ಗ. ತಿಪಟೂರಿಗೆ ರೈಲಿದೆ, ಅಮ್ಮಸಂದ್ರದಲ್ಲೂ ನಿಲ್ದಾಣವಿದೆ.

ಪ್ರಶ್ನೆ: ಆದರೆ ‘ದುಃಖ ಕಂತಿನಲ್ಲಿ ಬಂದರೆ’ ಅನ್ನುವಂಥ ವಿಷಯಕ್ಕೆ ಸಂಶೋಧನಾ ಸಮಿತಿ ಒಪ್ಪಿಗೆ ಕೊಡಬೇಕಲ್ಲ?

ಕೊಬ್ಬರಿ: ಸಮಿತಿಗೆ ಅವರದ್ದೇ ಶೀರ್ಷಿಕೆ ಕೊಡಿ: ‘ತೆಂಗು ಬೆಳೆಗಾರರ ರಾಜಕೀಯ ಸಹಭಾಗಿತ್ವ, ತುರುವೇಕೆರೆ ತಾಲ್ಲೂಕನ್ನು ವಿಶೇಷವಾಗಿ ಉಲ್ಲೇಖಿಸಿ: ಒಂದು ಅಧ್ಯಯನ’. ಪ್ರಶ್ನೆಯನ್ನು ಒಳಗಿಡಿ. ಶೀರ್ಷಿಕೆ ದಾಟಿ ಓದುವವರು ಕಡಿಮೆ.

ಪ್ರಶ್ನೆ: ಓದಿಬಿಟ್ಟರೆ?

ಕೊಬ್ಬರಿ: ಹಾಗಾದರೆ ತೆಂಗನ್ನು ಬಿಟ್ಟು ಆ ಸಮಿತಿಯ ಮೇಲೇ ಪಿಎಚ್‌ಡಿ ಮಾಡಿ. ಅಷ್ಟು ಅಪರೂಪದ ಸಂಸ್ಥೆ ಹೇಗೆ ಉಳಿಯಿತು ಅನ್ನುವುದಕ್ಕೆ ನನ್ನ ಬಳಿ ಯಾವ ಊಹೆಯೂ ಇಲ್ಲ.